ಗಿಡದ ದಾಹವನ್ನು ತೂಗಿದ ಧರ್ಮಗುರು: ಸ್ಟೀಫನ್ ಹೇಲ್ಸ್

ದಿನವೂ ಬೆಳಿಗ್ಗೆ ಶಾಲೆಯ ಹೂದೋಟಕ್ಕೆ ನೀರುಣಿಸುವ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಎಂದಾದರೂ ಮೂಡಿರಬಹುದು. ಕೊಡಗಟ್ಟಲೆ ಎರೆದ ನೀರು ಎಲ್ಲಿಗೆ ಹೋಗುತ್ತದೆ? ಗಿಡವು ಅದನ್ನೆಲ್ಲ ತನ್ನ ಒಡಲಿನಲ್ಲಿಯೇ ತುಂಬಿಟ್ಟುಕೊಳ್ಳುವುದಾದರೆ ಕೆಲವೇ ದಿನಗಳಲ್ಲಿ ಅದು ಆಳೆತ್ತರಕ್ಕೆ ಉಬ್ಬಬೇಕಾಗಿತ್ತು. ಹಾಗಾಗುವುದಿಲ್ಲ. ಮರುದಿನ ಬೆಳಿಗ್ಗೆ ಗಿಡವು ಮತ್ತೆ ಬಾಯಾರಿ ನಿಂತಿರುತ್ತದೆ. ಈ ಸಾಮಾನ್ಯವಾದ ಪ್ರಶ್ನೆಯನ್ನು ತಕ್ಕಡಿಯ ಮುಂದಿಟ್ಟು, ಅಂಗುಲ ಔನ್ಸುಗಳ ಲೆಕ್ಕದಲ್ಲಿ ಉತ್ತರ ಕಂಡುಕೊಂಡ ಮಹನೀಯರು ಯಾವ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ಅವರು ಇಂಗ್ಲೆಂಡಿನ ಥೇಮ್ಸ್ ನದಿಯ ದಡದ ಒಂದು ಚಿಕ್ಕ ಗ್ರಾಮದ ಧರ್ಮಗುರುಗಳು. ಸಸ್ಯಶರೀರಕ್ರಿಯಾ ವಿಜ್ಞಾನದ ಜನಕರೆಂದು ಇಂದಿಗೂ ಗೌರವಿಸಲ್ಪಡುವ ಆ ಸ್ಟೀಫನ್ ಹೇಲ್ಸರ ಜೀವನವು, ಧರ್ಮಸೇವೆಯೂ ಸತ್ಯಶೋಧನೆಯೂ ಒಂದೇ ಕಾಯಕದಲ್ಲಿ ಹೇಗೆ ಕೂಡಬಲ್ಲವೆಂಬುದಕ್ಕೆ ಒಂದು ಉಜ್ವಲ ನಿದರ್ಶನವಾಗಿದೆ.

ಹೇಲ್ಸರು ಕ್ರಿ.ಶ. 1677ರ ಸೆಪ್ಟೆಂಬರ್ 17ರಂದು ಕೆಂಟ್ ಪ್ರಾಂತದ ಬೀಕ್ಸ್‌ಬೋರ್ನ್ ಎಂಬಲ್ಲಿ ಸುಸಂಸ್ಕೃತ ಮನೆತನವೊಂದರಲ್ಲಿ ಜನಿಸಿದರು. 1696ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಾರ್ಪಸ್ ಕ್ರಿಸ್ಟಿ ಕಾಲೇಜನ್ನು ಸೇರಿ, ಮುಂದೆ ಅಲ್ಲಿಯೇ ಫೆಲೋ ಆಗಿ ಆಯ್ಕೆಯಾದರು. ಅವರು ಅಲ್ಲಿ ಓದಬಂದದ್ದು ದೈವಶಾಸ್ತ್ರವನ್ನು. ಆದರೆ ಆ ಕಾಲದ ಕೇಂಬ್ರಿಜ್ಜಿನಲ್ಲಿ ನ್ಯೂಟನ್ನರ ಪ್ರಭಾವವು ಗಾಳಿಯಂತೆ ಎಲ್ಲೆಡೆ ವ್ಯಾಪಿಸಿತ್ತು. ವಸ್ತುಗಳ ಚಲನೆಯನ್ನು ಅಳತೆಗೆ ಒಳಪಡಿಸಿದಲ್ಲದೆ ಅದನ್ನು ಅರಿತಂತಾಗದು ಎಂಬ ದೃಷ್ಟಿ ತರುಣರ ಮನಸ್ಸನ್ನು ಸೆಳೆದಿತ್ತು. 1703ರಲ್ಲಿ ಅದೇ ಕಾಲೇಜಿಗೆ ವೈದ್ಯ ವಿದ್ಯಾರ್ಥಿಯಾಗಿ ಬಂದ ವಿಲಿಯಂ ಸ್ಟೂಕ್ಲಿ ಎಂಬ ಯುವಕನೊಡನೆ ಹೇಲ್ಸರಿಗೆ ಗಾಢವಾದ ಸ್ನೇಹ ಬೆಳೆಯಿತು. ಗೆಳೆಯರಿಬ್ಬರೂ ಸುತ್ತಣ ಹೊಲಗಾಡುಗಳಲ್ಲಿ ಅಲೆದು ಸಸ್ಯಗಳನ್ನು ಗುರುತಿಸುತ್ತಿದ್ದರು. ಕಪ್ಪೆಗಳನ್ನು ಸೀಳಿ ಅಂಗಾಂಗಗಳನ್ನು ಪರೀಕ್ಷಿಸುತ್ತಿದ್ದರು. ಗ್ರಹಗಳ ಚಲನೆಯನ್ನು ತೋರಿಸುವ ಹಿತ್ತಾಳೆಯ ಯಂತ್ರವೊಂದನ್ನೂ ಹೇಲ್ಸರು ರೂಪಿಸಿದರು. ಕೈಕೆಲಸದಲ್ಲಿನ ಈ ನಿಪುಣತೆಯೇ ಮುಂದೆ ಅವರ ಸಂಶೋಧನೆಗಳಿಗೆ ಊರುಗೋಲಾಯಿತು.

1709ರಲ್ಲಿ ಅವರು ಟೆಡಿಂಗ್ಟನ್ ಗ್ರಾಮದ ಚರ್ಚಿನ ಧರ್ಮಗುರುವಾಗಿ ನೇಮಕಗೊಂಡರು. ಆಗ ಅವರಿಗೆ ಮೂವತ್ತೊಂದು ವರ್ಷ. ಅಂದಿನಿಂದ ತಮ್ಮ ಕೊನೆಯುಸಿರಿನವರೆಗೆ, ಎಂದರೆ ಐವತ್ತೊಂದು ವರ್ಷಗಳಿಗೂ ಮಿಗಿಲಾದ ದೀರ್ಘ ಕಾಲ, ಅವರು ಆ ಗ್ರಾಮವನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. 1720ರಲ್ಲಿ ಮೇರಿ ನ್ಯೂಸ್ ಎಂಬ ಕನ್ಯೆಯನ್ನು ವಿವಾಹವಾದರು. ಆದರೆ ಆ ದಾಂಪತ್ಯವು ಹೆಚ್ಚು ಕಾಲ ಬಾಳಲಿಲ್ಲ. ಮರುವರ್ಷವೇ ಆಕೆ ತೀರಿಕೊಂಡಳು. ಮಕ್ಕಳೂ ಇರಲಿಲ್ಲ. ಹೇಲ್ಸರು ಮತ್ತೆ ಮದುವೆಯಾಗಲಿಲ್ಲ. ಬರಿದಾದ ಮನೆಯಲ್ಲಿ ಒಬ್ಬಂಟಿಗರಾಗಿ ಉಳಿದ ಅವರು ತಮ್ಮ ದಿನಗಳನ್ನು ಗ್ರಾಮಸ್ಥರ ಸೇವೆಗೂ ಹಿತ್ತಲಿನ ಗಿಡಬಳ್ಳಿಗಳ ಅಧ್ಯಯನಕ್ಕೂ ಹಂಚಿಬಿಟ್ಟರು. ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಸಸ್ಯಪ್ರಯೋಗಗಳಲ್ಲಿ ಬಹಳಷ್ಟು ಈ ದುಃಖದ ನಂತರದ ಕೆಲವು ವರ್ಷಗಳಲ್ಲಿಯೇ ನಡೆದವು ಎಂಬುದು ಗಮನಿಸತಕ್ಕ ಸಂಗತಿಯಾಗಿದೆ.

ಹೇಲ್ಸರು ಮೊದಲು ಕೈಹಾಕಿದ್ದು ಪ್ರಾಣಿಗಳ ರಕ್ತಚಲನೆಯ ಅಧ್ಯಯನಕ್ಕೆ. ಕುದುರೆಯೊಂದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದರ ಮೇಲೆ ಉದ್ದವಾದ ಗಾಜಿನ ನಳಿಗೆಯನ್ನು ನಿಲ್ಲಿಸಿದಾಗ ರಕ್ತವು ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ ನಿಂತಿತು. ರಕ್ತದ ಒತ್ತಡವನ್ನು ಮಾನವನು ಅಳೆದುದು ಇದೇ ಮೊದಲು. ಇಂದು ವೈದ್ಯರು ತೋಳಿಗೆ ಪಟ್ಟಿ ಸುತ್ತಿ ನೋಡುವ ಪರೀಕ್ಷೆಯ ಮೂಲ ಇಲ್ಲಿದೆ. ಆದರೆ ಈ ಜ್ಞಾನಕ್ಕಾಗಿ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ಮರೆಮಾಚುವಂತಿಲ್ಲ. ನೆರೆಯ ಟ್ವಿಕನ್‌ಹ್ಯಾಮಿನಲ್ಲಿ ವಾಸವಾಗಿದ್ದ ಪ್ರಸಿದ್ಧ ಕವಿ ಅಲೆಕ್ಸಾಂಡರ್ ಪೋಪ್ ಹೇಲ್ಸರ ಸಜ್ಜನಿಕೆಯನ್ನು ಮೆಚ್ಚಿದ್ದರೂ, ತನ್ನ ಉಯಿಲಿಗೆ ಸಾಕ್ಷಿಯಾಗಿ ಅವರ ಸಹಿಯನ್ನೇ ಪಡೆದಿದ್ದರೂ, ಈ ಪ್ರಾಣಿಹಿಂಸೆಯನ್ನು ಮಾತ್ರ ಒಪ್ಪಲಿಲ್ಲ. ಸ್ವತಃ ಹೇಲ್ಸರಿಗೂ ಇಂಥ ಛೇದನಕಾರ್ಯ ಅಪ್ರಿಯವೆನಿಸಿ ಕೆಲವು ವರ್ಷ ಅದನ್ನು ಬದಿಗಿಟ್ಟಿದ್ದರು. ಪ್ರಾಣಿಗಳ ರಕ್ತದಂತೆಯೇ ಗಿಡಗಳ ರಸದ ಬಲವನ್ನೂ ಅಳೆಯಬೇಕೆಂಬ ಹಂಬಲ ಅವರಲ್ಲಿ ಮೊದಲಿನಿಂದಲೂ ಇತ್ತು. ಆದರೆ ದಾರಿ ತೋಚಿರಲಿಲ್ಲ.

ಆ ದಾರಿಯನ್ನು ತೋರಿಸಿದ್ದು ಒಂದು ಆಕಸ್ಮಿಕ. ವಸಂತದ ಹೊಸ್ತಿಲಲ್ಲಿ, ಕತ್ತರಿಸುವ ಕಾಲ ಮೀರಿದ ಮೇಲೆ ಹೇಲ್ಸರು ಹಳೆಯ ದ್ರಾಕ್ಷಿಬಳ್ಳಿಯೊಂದನ್ನು ಕತ್ತರಿಸಿದರು. ಕಡಿದ ಬಾಯಿಯಿಂದ ರಸವು ಎಡೆಬಿಡದೆ ಒಸರತೊಡಗಿತು. ಬಳ್ಳಿಯು ಸತ್ತೇಹೋದೀತೆಂದು ಅವರು ಅಂಜಿದರು. ಬೇರೆ ಉಪಾಯಗಳು ಫಲಿಸದಿರಲು, ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಆ ಗಾಯದ ಮೇಲೆ ಬಿಗಿಯಾಗಿ ಕಟ್ಟಿದರು. ರಸದ ಒತ್ತಡಕ್ಕೆ ಪೊರೆಯು ಚೆಂಡಿನಂತೆ ಉಬ್ಬಿಕೊಂಡಿತು. ಮತ್ತೊಬ್ಬನಾಗಿದ್ದರೆ ಆ ಪೊರೆಯನ್ನು ಇನ್ನಷ್ಟು ಬಿಗಿದು ಸುಮ್ಮನಾಗುತ್ತಿದ್ದನೇನೋ. ಹೇಲ್ಸರಾದರೋ ಕುದುರೆಯ ಅಪಧಮನಿಗೆ ಜೋಡಿಸಿದಂತೆಯೇ ಬಳ್ಳಿಯ ಮೋಟಿಗೂ ಗಾಜಿನ ಕೊಳವೆಯನ್ನು ಜೋಡಿಸಬಹುದೆಂದು ಕ್ಷಣದಲ್ಲಿ ಕಂಡುಕೊಂಡರು. ಪ್ರಯೋಗದಲ್ಲಿ ರಸವು ಒಂದರ ಮೇಲೊಂದು ಜೋಡಿಸಿದ ಕೊಳವೆಗಳಲ್ಲಿ 21 ಅಡಿ ಏರಿತು. ಮತ್ತೊಂದು ಬಳ್ಳಿಗೆ ಪಾದರಸದ ಮಾಪಕವನ್ನು ಅಳವಡಿಸಿದಾಗ ಪಾದರಸವು ಮೂವತ್ತೆರಡೂವರೆ ಅಂಗುಲ ಮೇಲಕ್ಕೆ ತಳ್ಳಲ್ಪಟ್ಟಿತು. ನೀರಿನ ಲೆಕ್ಕದಲ್ಲಿ ಅದು 36 ಅಡಿಗಿಂತ ಹೆಚ್ಚು. ಕುದುರೆಯ ರಕ್ತದ ಒತ್ತಡದ ನಾಲ್ಕು ಪಟ್ಟಿಗೂ ಮಿಗಿಲು. ಹೃದಯವಿಲ್ಲದ, ಸ್ನಾಯುಗಳಿಲ್ಲದ, ಎಲೆಯನ್ನೂ ಬಿಡದಿದ್ದ ಒಂದು ಮೋಟುಬಳ್ಳಿ ಕುದುರೆಯ ಗುಂಡಿಗೆಯನ್ನು ಮೀರಿಸುವ ಬಲವನ್ನು ಬೇರಿನಲ್ಲಿ ಅಡಗಿಸಿಕೊಂಡಿತ್ತು.

ಬಳಿಕ 1724ರ ಜುಲೈ ತಿಂಗಳಲ್ಲಿ ಅವರ ಪ್ರಸಿದ್ಧವಾದ ಸೂರ್ಯಕಾಂತಿಯ ಪ್ರಯೋಗವು ಆರಂಭವಾಯಿತು. ಕುಂಡದಲ್ಲಿ ಬೆಳೆದ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿಯನ್ನು ಅವರು ಆರಿಸಿಕೊಂಡರು. ಮಣ್ಣಿನಿಂದ ನೀರು ನೇರವಾಗಿ ಆವಿಯಾಗದಂತೆ ಕುಂಡದ ಬಾಯಿಯನ್ನು ತೆಳುವಾದ ಸೀಸದ ತಗಡಿನಿಂದ ಮುಚ್ಚಿ, ಸಂದುಗಳನ್ನೆಲ್ಲ ಮೆತ್ತಿದರು. ನೀರೆರೆಯಲು ಒಂದು ಕಿರಿದಾದ ಕೊಳವೆಯನ್ನು ಮಾತ್ರ ಬಿಟ್ಟರು. ಅನಂತರ ಹದಿನೈದು ದಿನ ಬೆಳಿಗ್ಗೆಯೂ ಸಂಜೆಯೂ ಕುಂಡವನ್ನು ತೂಗಿದರು. ಹಗಲಿನ ಹನ್ನೆರಡು ಗಂಟೆಗಳಲ್ಲಿ ಗಿಡವು ಸರಾಸರಿ 20 ಔನ್ಸ್ ನೀರನ್ನು, ಎಂದರೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚನ್ನು, ಹೊರಬಿಡುತ್ತಿತ್ತು. ಬಿಸಿಲು ಬಲವಾಗಿದ್ದ ಒಣದಿನದಲ್ಲಿ ಅದು 30 ಔನ್ಸ್ ಮುಟ್ಟಿತು. ಇಬ್ಬನಿಯಿಲ್ಲದ ಬೆಚ್ಚನೆಯ ರಾತ್ರಿಯಲ್ಲಿ 3 ಔನ್ಸ್ ಮಾತ್ರ ಹೋಯಿತು. ಇಬ್ಬನಿ ಬಿದ್ದ ರಾತ್ರಿಯಲ್ಲಿ ಏನೂ ಹೋಗಲಿಲ್ಲ. ಒಂದೇ ಗಾತ್ರದ ಲೆಕ್ಕದಲ್ಲಿ ಹೋಲಿಸಿದರೆ, ಮನುಷ್ಯನ ದೇಹದ ಮೂಲಕ ಹಾದುಹೋಗುವ ದ್ರವಕ್ಕಿಂತ ಹದಿನೇಳು ಪಟ್ಟು ಹೆಚ್ಚು ದ್ರವವು ಆ ಗಿಡದ ಮೂಲಕ ದಿನವೊಂದರಲ್ಲಿ ಹಾದುಹೋಗುತ್ತದೆಂದು ಅವರು ಗಣಿಸಿದರು.

ಹೇಲ್ಸರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಪ್ರಯೋಗ ಮುಗಿದೊಡನೆ ಗಿಡದ ಎಲೆಗಳನ್ನೆಲ್ಲ ಬಿಡಿಸಿ ಅವುಗಳ ಮೇಲ್ಮೈಯನ್ನು ಅಳೆದರು. ಅದು 39 ಚದರ ಅಡಿಯಾಯಿತು. ಬೇರುಗಳನ್ನು ಅಳೆದು ಲೆಕ್ಕಹಾಕಿದಾಗ ಅವುಗಳ ಒಟ್ಟು ಉದ್ದ 1,448 ಅಡಿಯೂ, ಮೇಲ್ಮೈ 15 ಚದರ ಅಡಿಗಿಂತ ಹೆಚ್ಚೂ ಬಂದಿತು. ಕಾಂಡದ ಅಡ್ಡಕೊಯ್ತವಾದರೋ ಕೇವಲ ಒಂದು ಚದರ ಅಂಗುಲ. ಗಿಡವು ಒಂದು ಹಗಲಿನಲ್ಲಿ ಸಾಗಿಸಿದ ನೀರನ್ನು ಈ ಮೂರು ವಿಸ್ತೀರ್ಣಗಳಿಂದ ಭಾಗಿಸಿದಾಗ ಬೆರಗುಗೊಳಿಸುವ ಫಲಿತಾಂಶ ದೊರೆಯಿತು. ಕಾಂಡದಲ್ಲಿ ನೀರು 34 ಅಂಗುಲ ಏರಿರಬೇಕು. ಬೇರಿನ ಮೇಲ್ಮೈಯಲ್ಲಿ ಅದು ಒಳಸೇರಿದ್ದು ಅಂಗುಲದ 67ನೆಯ ಒಂದು ಭಾಗದಷ್ಟು ದಪ್ಪದ ಪದರವಾಗಿ. ಎಲೆಯಿಂದ ಹೊರಹೋದದ್ದು ಅಂಗುಲದ 165ನೆಯ ಒಂದು ಭಾಗದಷ್ಟು ತೆಳುವಾದ ಪದರವಾಗಿ.

ಈ ಮೂರು ಸಂಖ್ಯೆಗಳಲ್ಲಿ ಗಿಡದ ಬಾಳುವೆಯ ಮರ್ಮವೇ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು. ಅದನ್ನು ಪೂರ್ಣವಾಗಿ ಬಿಡಿಸಿ ಹೇಳಲು ಹೇಲ್ಸರ ಕಾಲದಲ್ಲಿ ಸಾಧನವಿರಲಿಲ್ಲ. ಇಂದು ನಾವು ವಿಸರಣೆ ಎಂದು ಕರೆಯುವ ಕ್ರಿಯೆಯನ್ನು ಅಂದು ಯಾರೂ ನಿಯಮಬದ್ಧವಾಗಿ ಅರಿತಿರಲಿಲ್ಲ. ಒಂದು ಲೋಟ ನಿಶ್ಚಲವಾದ ನೀರಿಗೆ ಶಾಯಿಯ ಹನಿಯೊಂದನ್ನು ಬಿಟ್ಟರೆ, ಯಾರೂ ಕದಡದಿದ್ದರೂ ಬಣ್ಣವು ಮೆಲ್ಲಮೆಲ್ಲನೆ ಎಲ್ಲೆಡೆಗೆ ಹರಡುತ್ತದೆ. ಅಣುಗಳು ನಿರಂತರವಾಗಿ ಅತ್ತಿತ್ತ ಚಲಿಸುತ್ತಿರುವುದರಿಂದ, ಅವು ದಟ್ಟವಾಗಿರುವೆಡೆಯಿಂದ ವಿರಳವಾಗಿರುವೆಡೆಗೆ ಒಟ್ಟಾರೆ ಸಾಗುತ್ತವೆ. ಇದೇ ವಿಸರಣೆ. ಅನಿಲಗಳ ವಿಸರಣೆಯನ್ನು ಥಾಮಸ್ ಗ್ರಹಾಮ್ ಎಂಬ ರಸಾಯನ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಳೆದನು. 1855ರಲ್ಲಿ ಅಡಾಲ್ಫ್ ಫಿಕ್ ಅದರ ಗಣಿತವನ್ನು ನಿರೂಪಿಸಿದನು. ಈ ಕ್ರಿಯೆಗೆ ಒಂದು ವಿಚಿತ್ರವಾದ ಮಿತಿಯಿದೆ. ದೂರವು ಎರಡು ಪಟ್ಟಾದರೆ ತಗಲುವ ಕಾಲವು ನಾಲ್ಕು ಪಟ್ಟಾಗುತ್ತದೆ. ನೀರಿನಲ್ಲಿ ಕರಗಿದ ಸಕ್ಕರೆಯು ಒಂದು ಸಸ್ಯಕೋಶದ ಅಗಲವನ್ನು ವಿಸರಣೆಯಿಂದ ದಾಟಲು ಎರಡು ಮೂರು ಸೆಕೆಂಡು ಸಾಕು. ಅದೇ ರೀತಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು ಮೂವತ್ತು ವರ್ಷಗಳೇ ಬೇಕು.

ಆದುದರಿಂದಲೇ ಗಿಡವು ತನ್ನ ಕೆಲಸವನ್ನು ಎರಡು ಬಗೆಯಾಗಿ ಹಂಚಿಕೊಂಡಿದೆ. ದೂರದ ಪ್ರಯಾಣವು ಕಾಂಡದ ಕೊಳವೆಗಳಲ್ಲಿ ಹೊಳೆಯ ಹರಿವಿನಂತೆ ನಡೆಯುತ್ತದೆ. ಹೇಲ್ಸರ 34 ಅಂಗುಲ ಆ ಹರಿವಿನದು. ಆದರೆ ಬೇರಿನ ಬಳಿ ಒಳಸೇರುವಾಗ, ಎಲೆಯ ಬಳಿ ಹೊರಬೀಳುವಾಗ ದಾಟಬೇಕಾದ ದೂರವು ಕೂದಲೆಳೆಯಷ್ಟು ಕಿರಿದು. ಅಲ್ಲಿ ವಿಸರಣೆಯೇ ಅಂಬಿಗನು. ಅದು ಸಾವಧಾನದ ಅಂಬಿಗನಾದುದರಿಂದ ಗಿಡವು ದಡವನ್ನು ವಿಶಾಲಗೊಳಿಸಿಕೊಂಡಿದೆ: ಬೇರನ್ನು ಸಾವಿರಾರು ಅಡಿ ಎಳೆದಿದೆ, ಎಲೆಯನ್ನು ಹಾಳೆಯಂತೆ ತೆಳುವಾಗಿ ಹರಡಿದೆ. ಎಲೆಯೊಳಗಿನ ಒದ್ದೆಯಾದ ಗೋಡೆಗಳಿಂದ ನೀರು ಆವಿಯಾಗಿ, ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಗಿಲುಗಳ ಮೂಲಕ ಒಣಗಾಳಿಗೆ ವಿಸರಿಸುತ್ತದೆ. ಇದಕ್ಕೆ ಬಾಷ್ಪವಿಸರ್ಜನೆಯೆಂದು ಹೆಸರು. ಇಬ್ಬನಿಯ ರಾತ್ರಿ ಹೇಲ್ಸರ ತಕ್ಕಡಿ ಕದಲದಿದ್ದುದೇಕೆಂಬುದು ಈಗ ತಿಳಿಯುತ್ತದೆ. ಕತ್ತಲಲ್ಲಿ ಆ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಅಲ್ಲದೆ ಹೊರಗಿನ ಗಾಳಿಯೇ ಆವಿಯಿಂದ ತುಂಬಿರುವಾಗ ಒಳಗಿನ ಆವಿಗೆ ಹೊರಡಲು ಕಾರಣವಿರುವುದಿಲ್ಲ.

ನೀರನ್ನು ಮೇಲಕ್ಕೆ ಸೆಳೆಯುವ ಶಕ್ತಿ ಯಾವುದೆಂಬುದನ್ನೂ ಹೇಲ್ಸರು ಪ್ರಯೋಗದಿಂದಲೇ ವಿಚಾರಿಸಿದರು. ಎಲೆಗಳುಳ್ಳ ರೆಂಬೆ ಹಾಗೂ ಎಲೆ ಕಿತ್ತ ರೆಂಬೆಗಳನ್ನು ಅವರು ನೀರಿನಲ್ಲಿಟ್ಟು ತೂಗಿದಾಗ, ಎಲೆಯುಳ್ಳವು ಬಹಳ ನೀರನ್ನು ಸೆಳೆದುಕೊಂಡರೆ ಎಲೆಯಿಲ್ಲದವು ಅತ್ಯಲ್ಪವನ್ನು ಸೆಳೆದುಕೊಂಡವು. ಎಲೆಗಳು ನೀರನ್ನು ಹೊರಬಿಡುವುದೇ ಕೆಳಗಿನ ನೀರು ಮೇಲೇರಲು ಮುಖ್ಯ ಕಾರಣವೆಂದು ಅವರು ಸರಿಯಾಗಿ ನಿರ್ಣಯಿಸಿದರು. ಸಣ್ಣ ರಂಧ್ರಗಳು ನೀರನ್ನು ಹೀರುವ ಲೋಮನಾಳ ಆಕರ್ಷಣೆಯನ್ನೂ ಇದಕ್ಕೆ ಸೇರಿಸಿದರು. ಒಣಬಟಾಣಿಗಳನ್ನು ಕಬ್ಬಿಣದ ಪಾತ್ರೆಯಲ್ಲಿ ತುಂಬಿ ನೀರೆರೆದಾಗ ಅವು ಉಬ್ಬಿ 184 ಪೌಂಡ್ ಭಾರವನ್ನು ಹೊತ್ತ ಮುಚ್ಚಳವನ್ನೇ ಎತ್ತಿದುದನ್ನು ಅವರು ಕಂಡಿದ್ದರು. ಪ್ರಾಣಿಗಳ ರಕ್ತದಂತೆ ಗಿಡದ ರಸವೂ ಸುತ್ತಿ ಸುತ್ತಿ ಪರಿಚಲಿಸುತ್ತದೆಂದು ಆಗ ಅನೇಕ ವಿದ್ವಾಂಸರು ನಂಬಿದ್ದರು. ಆ ನಂಬಿಕೆಯನ್ನು ಹೇಲ್ಸರು ತಮ್ಮ ಅಳತೆಗಳ ಬಲದಿಂದ ನಿರಾಕರಿಸಿದರು. ನಿರಾಕರಣೆಯಲ್ಲಿ ಅವರು ಸ್ವಲ್ಪ ದೂರವೇ ಹೋದರೆನ್ನಬೇಕು. ಎಲೆಯಲ್ಲಿ ಸಿದ್ಧವಾದ ಆಹಾರರಸವು ತೊಗಟೆಯ ಒಳಭಾಗದ ಮೂಲಕ ಕೆಳಗೂ ಇಳಿಯುತ್ತದೆಂಬುದು ಇಂದು ಖಚಿತವಾಗಿದೆ. ಆದರೆ ಗಿಡಕ್ಕೆ ಹೃದಯವಿಲ್ಲ, ರಕ್ತದಂತಹ ಪರಿಚಲನೆಯಿಲ್ಲ ಎಂಬ ಅವರ ಮೂಲ ನಿರ್ಣಯವು ಅಚಲವಾಗಿ ನಿಂತಿದೆ.

ಮುಂದಿನವರು ಅವರ ಅಡಿಪಾಯದ ಮೇಲೆ ಕಟ್ಟಿದರು. ಫ್ರಾನ್ಸಿನ ಆಂರಿ ದ್ಯುತ್ರೋಷೆ 1826ರಲ್ಲಿ, ಪೊರೆಯೊಂದರ ಮೂಲಕ ನೀರು ತೆಳುದ್ರಾವಣದಿಂದ ಸಾಂದ್ರದ್ರಾವಣದತ್ತ ಸಾಗುವ ಅಭಿಸರಣೆಯನ್ನು ವಿವರಿಸಿದನು. ಮೋಟುಬಳ್ಳಿಯ ಮೇಲೆ ಕಟ್ಟಿದ ಪೊರೆಯನ್ನು ಉಬ್ಬಿಸಿದ ಬಲವು ಯಾವುದೆಂಬುದಕ್ಕೆ ಉತ್ತರ ಇಲ್ಲಿ ದೊರೆಯಿತು: ಬೇರು ಲವಣಗಳನ್ನು ಒಳಗಿನ ಕೊಳವೆಗಳಿಗೆ ತುಂಬುತ್ತದೆ, ನೀರು ಅವುಗಳನ್ನು ಹಿಂಬಾಲಿಸಿ ನುಗ್ಗುತ್ತದೆ. ಎಲೆಗಳ ಸೆಳೆತದಿಂದ ನೀರಿನ ಎಳೆಯು ತುಂಡಾಗದೆ ಎತ್ತರದ ಮರದ ತುದಿಗೂ ಏರಬಲ್ಲುದೆಂಬುದನ್ನು 1894ರಲ್ಲಿ ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ ಪ್ರತಿಪಾದಿಸಿದರು. ಮಣ್ಣಿನ ಪೋಷಕಗಳ ವಿಷಯವೂ ಹೀಗೆಯೇ ಸ್ಪಷ್ಟವಾಯಿತು. ನೈಟ್ರೇಟಿನಂಥವು ಹರಿಯುವ ನೀರಿನೊಡನೆಯೇ ಬೇರನ್ನು ಮುಟ್ಟುತ್ತವೆ. ಫಾಸ್ಫೇಟ್ ಮಣ್ಣಿಗೆ ಅಂಟಿಕೊಂಡಿರುವುದರಿಂದ ಮುಖ್ಯವಾಗಿ ವಿಸರಣೆಯಿಂದ, ಅದೂ ಅತ್ಯಲ್ಪ ದೂರವನ್ನು ಮಾತ್ರ ಸಾಗಬಲ್ಲದು. ಆದುದರಿಂದ ಬೇರುಗಳು ತಮ್ಮ ನವಿರಾದ ರೋಮಗಳನ್ನು ಮಣ್ಣಿನ ಕಣಕಣಕ್ಕೂ ಚಾಚಬೇಕಾಗುತ್ತದೆ. ಹೇಲ್ಸರು ಬೇರುಗಳನ್ನು ಅಡಿಯಡಿಯಾಗಿ ಅಳೆದ ಶ್ರಮ ಎಷ್ಟು ಸಾರ್ಥಕವಾದುದೆಂಬುದು ಇದರಿಂದ ವಿದಿತವಾಗುತ್ತದೆ.

ಹೇಲ್ಸರ ಶೋಧನೆಯ ಇನ್ನೊಂದು ಮುಖವೆಂದರೆ ಗಾಳಿ. ನಾನಾ ವಸ್ತುಗಳನ್ನು ಕಾಯಿಸಿ, ಹೊರಟ ಗಾಳಿಯನ್ನು ನೀರಿನ ಮೇಲೆ ಬೋರಲಾಗಿಟ್ಟ ಪಾತ್ರೆಯಲ್ಲಿ ಶೇಖರಿಸುವ ಉಪಕರಣವನ್ನು ಅವರು ರಚಿಸಿದರು. ಗಾಜಿನ ಪಾತ್ರೆಯ ಅಡಿಯಲ್ಲಿ ಪುದೀನದ ಗಿಡವನ್ನಿಟ್ಟು ಒಳಗಿನ ಗಾಳಿ ಕಡಿಮೆಯಾಗುವುದನ್ನು ನೋಡಿದರು. ಗಿಡಗಳು ಎಲೆಗಳ ಮೂಲಕ ಗಾಳಿಯಿಂದಲೂ ತಮ್ಮ ಪೋಷಣೆಯ ಒಂದು ಭಾಗವನ್ನು ಪಡೆಯುತ್ತಿರಬೇಕೆಂದು ಊಹಿಸಿದರು. ಗಾಳಿಯು ಹಲವು ಅನಿಲಗಳ ಮಿಶ್ರಣವೆಂಬುದು ತಿಳಿಯದಿದ್ದ ಕಾಲದಲ್ಲಿ ಇದೊಂದು ದಿಟ್ಟ ಊಹೆ. ಪ್ರೀಸ್ಟ್ಲಿ, ಲವಾಸಿಯೆ ಮೊದಲಾದವರು ಅವರ ಉಪಕರಣದ ಮಾದರಿಯನ್ನೂ ಅವರ ಗ್ರಂಥವನ್ನೂ ಬಳಸಿಕೊಂಡು ಮುಂದುವರಿದರು. 1779ರಲ್ಲಿ ಇಂಗನ್‌ಹೌಸ್ ಬೆಳಕಿನಲ್ಲಿ ಹಸಿರೆಲೆಗಳು ನಡೆಸುವ ಕಾರ್ಯವನ್ನು ಪ್ರಕಟಪಡಿಸಿದನು. ಗಾಳಿಯಲ್ಲಿ ಸಾವಿರಾರು ಪಾಲಿನಲ್ಲಿ ಕೆಲವೇ ಪಾಲಿರುವ ಇಂಗಾಲದ ಡೈಆಕ್ಸೈಡು ಪತ್ರರಂಧ್ರಗಳ ಮೂಲಕ ಎಲೆಯೊಳಗೆ ವಿಸರಿಸಿ ಗಿಡದ ಒಡಲಾಗುತ್ತದೆಂದು ನಾವೀಗ ಬಲ್ಲೆವು. ನೀರಾವಿ ಹೊರಡುವ ಬಾಗಿಲೂ ಈ ಅನಿಲ ಒಳಬರುವ ಬಾಗಿಲೂ ಒಂದೇ. ಆಹಾರಕ್ಕಾಗಿ ಬಾಗಿಲು ತೆರೆದ ಗಿಡವು ನೀರನ್ನು ಕಳೆದುಕೊಳ್ಳಲೇಬೇಕು. ಸೂರ್ಯಕಾಂತಿಯು ದಿನವೊಂದಕ್ಕೆ ತೆತ್ತ 20 ಔನ್ಸ್ ಈ ವಿನಿಮಯದ ಬೆಲೆಯಾಗಿತ್ತು.

ಈ ಪ್ರಯೋಗಗಳನ್ನೆಲ್ಲ ಒಳಗೊಂಡ ಅವರ ಸಸ್ಯಸಂಬಂಧಿ ಗ್ರಂಥವು 1727ರಲ್ಲಿ ಪ್ರಕಟವಾಯಿತು. ಅವರು 1718ರಲ್ಲಿಯೇ ರಾಯಲ್ ಸೊಸೈಟಿಯ ಸದಸ್ಯರಾಗಿದ್ದರು. ಗ್ರಂಥದ ಪ್ರಕಟಣೆಗೆ ಆ ಸಂಸ್ಥೆಯ ಅಧ್ಯಕ್ಷರಾಗಿ ಅನುಮತಿಯ ಅಂಕಿತವನ್ನು ಹಾಕಿದವರು ವಯೋವೃದ್ಧರಾದ ನ್ಯೂಟನ್. ಮರುತಿಂಗಳೇ ಆ ಮಹಾಪುರುಷರು ನಿಧನ ಹೊಂದಿದರು. 1733ರಲ್ಲಿ ರಕ್ತಚಲನೆಯನ್ನು ಕುರಿತ ಎರಡನೆಯ ಸಂಪುಟ ಹೊರಬಂದಿತು. 1735ರಲ್ಲಿ ಫ್ರೆಂಚ್ ವಿಜ್ಞಾನಿ ಬ್ಯುಫಾನ್ ಮೊದಲ ಗ್ರಂಥವನ್ನು ತನ್ನ ಭಾಷೆಗೆ ತಂದನು. 1739ರಲ್ಲಿ ಹೇಲ್ಸರಿಗೆ ಕೋಪ್ಲಿ ಪದಕವು ದೊರೆಯಿತು.

ಇಂಥ ಕೀರ್ತಿಯನ್ನು ಪಡೆದವರು ಉಳಿದ ಆಯುಷ್ಯವನ್ನು ಸನ್ಮಾನಗಳಲ್ಲಿಯೇ ಕಳೆಯಬಹುದಾಗಿತ್ತು. ಹೇಲ್ಸರು ತಮ್ಮ ಅರಿವನ್ನು ನೊಂದವರ ಬಳಿಗೆ ಕೊಂಡೊಯ್ದರು. ಮುಚ್ಚಿದ ಪಾತ್ರೆಯೊಳಗಿನ ಗಾಳಿ ಉಸಿರಾಟದಿಂದ ಕೆಡುವುದನ್ನು ಅವರು ಪ್ರಯೋಗಶಾಲೆಯಲ್ಲಿ ಕಂಡಿದ್ದರು. ಯುದ್ಧನೌಕೆಗಳ ಕೆಳ ಅಂತಸ್ತುಗಳಲ್ಲಿ, ಆಸ್ಪತ್ರೆಗಳಲ್ಲಿ, ಸೆರೆಮನೆಗಳಲ್ಲಿ ಕಿಕ್ಕಿರಿದ ಜನರು ಅಂಥ ಪಾತ್ರೆಯೊಳಗೇ ಬದುಕುತ್ತಿದ್ದರು. ಕಮ್ಮಾರನ ತಿದಿಯಂತೆ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಹಲಗೆಯಾಡಿಸಿ ಹಳೆಯ ಗಾಳಿಯನ್ನು ಹೊರದಬ್ಬುವ ವಾತಾಯನ ಯಂತ್ರವನ್ನು ರೂಪಿಸಿ, 1741ರಲ್ಲಿ ಅದರ ವಿವರವನ್ನು ರಾಯಲ್ ಸೊಸೈಟಿಯ ಮುಂದಿಟ್ಟರು. 1750ರಲ್ಲಿ ಲಂಡನ್ನಿನ ನ್ಯಾಯಾಲಯವೊಂದಕ್ಕೆ ಸೆರೆಮನೆಯಿಂದ ಹರಡಿದ ಜ್ವರವು ನಗರದ ಮೇಯರನನ್ನೂ ನ್ಯಾಯಾಧೀಶರನ್ನೂ ಬಲಿ ತೆಗೆದುಕೊಂಡ ಮೇಲೆ ಅಧಿಕಾರಿಗಳು ಎಚ್ಚೆತ್ತರು. 1752ರಲ್ಲಿ ಕುಖ್ಯಾತವಾದ ನ್ಯೂಗೇಟ್ ಸೆರೆಮನೆಯ ಮೇಲೆ ಗಾಳಿಗಿರಣಿಯಿಂದ ನಡೆಯುವ ವಾತಾಯನ ಯಂತ್ರವು ಸ್ಥಾಪಿತವಾಯಿತು. ಅದನ್ನು ಜೋಡಿಸುತ್ತಿದ್ದ ಕೆಲಸಗಾರರಲ್ಲಿಯೇ ಹಲವರು ಜ್ವರಕ್ಕೆ ತುತ್ತಾದರೆಂದರೆ ಒಳಗಿನ ಸ್ಥಿತಿಯನ್ನು ಊಹಿಸಬಹುದು. ಆ ಜ್ವರವು ಹೇನಿನಿಂದ ಹರಡುತ್ತದೆಂಬುದು 1909ರವರೆಗೆ ಜಗತ್ತಿಗೆ ತಿಳಿಯಲಿಲ್ಲ. ಕೆಟ್ಟ ಗಾಳಿಯೇ ಅದರ ಕಾರಣವೆಂದು ಹೇಲ್ಸರು ಭಾವಿಸಿದ್ದು ತಪ್ಪು. ಆದರೂ ಉಸಿರುಗಟ್ಟಿದ ಕೋಣೆಗಳಲ್ಲಿ ಬಿದ್ದಿದ್ದವರಿಗೆ ಗಾಳಿಯೂ ಒಂದು ಹಕ್ಕೆಂಬುದನ್ನು ಸಮಾಜಕ್ಕೆ ಕಲಿಸಿದವರಲ್ಲಿ ಅವರು ಮೊದಲಿಗರು.

ಈ ಯಂತ್ರಗಳು ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿಯೂ ಬಳಕೆಗೆ ಬಂದವು. ಸರಪಳಿಯಲ್ಲಿ ಬಿಗಿದಿದ್ದ ನತದೃಷ್ಟರಲ್ಲಿ ಕೆಲವರ ಪ್ರಾಣ ಅದರಿಂದ ಉಳಿದಿರಬಹುದು. ಆದರೆ ಆ ಹಡಗುಗಳ ಉದ್ದೇಶವೇ ಘೋರವಾದ ಅಧರ್ಮವಾಗಿತ್ತು. ಗಾಳಿ ಬದಲಾಯಿಸಿದ ಮಾತ್ರಕ್ಕೆ ಆ ಪಾಪ ತೊಳೆಯುವುದಿಲ್ಲವೆಂಬುದನ್ನು ಅಂದಿನ ಸಜ್ಜನರಲ್ಲಿಯೂ ಅನೇಕರು ಕಾಣದೆ ಹೋದರು. ದೊಡ್ಡವರ ಜೀವನವನ್ನು ಓದುವಾಗ ಅವರ ಕಾಲದ ಕುರುಡನ್ನೂ ನೆನಪಿಡುವುದು ವಿವೇಕವೆನಿಸುತ್ತದೆ.

ಹೇಲ್ಸರ ದಾಸೋಹಬುದ್ಧಿಯು ಸಣ್ಣಪುಟ್ಟ ಸಂಗತಿಗಳನ್ನೂ ಬಿಡುತ್ತಿರಲಿಲ್ಲ. ಅಗ್ಗದ ಮದ್ಯವು ಇಂಗ್ಲೆಂಡಿನ ಬಡವರ ಸಂಸಾರಗಳನ್ನು ಹಾಳುಮಾಡುತ್ತಿದ್ದ ಕಾಲದಲ್ಲಿ, 1734ರಲ್ಲಿ ಹೆಸರು ಹಾಕದೆ ಪಾನನಿಷೇಧದ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದರು. ಹಣ್ಣಿನ ಕಡುಬು ಬೇಯಿಸುವಾಗ ಪಾಕವು ಉಕ್ಕಿ ಚೆಲ್ಲದಂತೆ ನಡುವೆ ಚಹಾದ ಬಟ್ಟಲೊಂದನ್ನು ಬೋರಲಾಗಿಡಬೇಕೆಂದು ಹಳ್ಳಿಯ ಗೃಹಿಣಿಯರಿಗೆ ಕಲಿಸಿಕೊಟ್ಟರು. 1754ರಲ್ಲಿ ಟೆಡಿಂಗ್ಟನ್ ಗ್ರಾಮಕ್ಕೆ ಒಳ್ಳೆಯ ನೀರಿನ ವ್ಯವಸ್ಥೆಯನ್ನು ಮಾಡಿಸಿ, ಹರಿಯುವ ನೀರು ಎರಡು ಕ್ವಾರ್ಟ್ ಹಿಡಿಯುವ ಪಾತ್ರೆಯನ್ನು ಲೋಲಕದ ಮೂರು ತೂಗಾಟಗಳಲ್ಲಿ ತುಂಬುತ್ತದೆಂಬುದನ್ನು, ಆ ಲೋಲಕದ ಉದ್ದವನ್ನೂ ಸೇರಿಸಿ, ಚರ್ಚಿನ ದಾಖಲೆಪುಸ್ತಕದಲ್ಲಿ ಬರೆದಿಟ್ಟರು. ಮದುವೆ ಮರಣಗಳನ್ನು ಬರೆಯುವ ಪುಸ್ತಕದಲ್ಲಿ ಊರಿನ ನೀರಿನ ಅಳತೆಯೂ ಸೇರಿತು.

1751ರಲ್ಲಿ ರಾಜಕುಮಾರಿ ಆಗಸ್ಟಾ ಅವರ ಧಾರ್ಮಿಕ ಸಿಬ್ಬಂದಿಯಲ್ಲಿ ಹೇಲ್ಸರಿಗೆ ಸ್ಥಾನ ದೊರೆಯಿತು. ಮುಂದೆ ವಿಶ್ವವಿಖ್ಯಾತವಾದ ಕ್ಯೂ ಸಸ್ಯೋದ್ಯಾನವನ್ನು ಬೆಳೆಸಿದಾಕೆ ಈ ರಾಜಕುಮಾರಿಯೇ. 1753ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ಅವರನ್ನು ವಿದೇಶೀ ಸದಸ್ಯರನ್ನಾಗಿ ಆರಿಸಿತು. ವಿಂಡ್ಸರಿನಲ್ಲಿ ಉನ್ನತವಾದ ಧಾರ್ಮಿಕ ಪದವಿಯೊಂದು ಅರಸಿಬಂದಾಗ ಮಾತ್ರ ಅವರು ಅದನ್ನು ವಿನಯದಿಂದ ನಿರಾಕರಿಸಿ ತಮ್ಮ ಹಳ್ಳಿಯಲ್ಲಿಯೇ ಉಳಿದರು.

1761ರ ಜನವರಿ 4ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ಹೇಲ್ಸರು ಟೆಡಿಂಗ್ಟನ್ನಿನಲ್ಲಿ ನಿಧನರಾದರು. ತಾವೇ ಮುಂದೆ ನಿಂತು ಕಟ್ಟಿಸಿದ ಚರ್ಚಿನ ಗೋಪುರದ ಅಡಿಯಲ್ಲಿ ಅವರ ದೇಹವನ್ನು ಸಮಾಧಿ ಮಾಡಲಾಯಿತು. ರಾಜಕುಮಾರಿ ಆಗಸ್ಟಾ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಸ್ಮಾರಕವನ್ನು ನಿಲ್ಲಿಸಿದಳು. ಬೆಳ್ಳಿಯ ಗಂಟೆಗಳಂತೆ ಬಿಳಿಯ ಹೂ ತೂಗುವ ಅಮೆರಿಕದ ಮರಜಾತಿಯೊಂದು ಹೇಲ್ಸಿಯಾ ಎಂಬ ಹೆಸರಿನಿಂದ ಅವರನ್ನು ನೆನಪಿಗೆ ತರುತ್ತದೆ.

ವಿದ್ಯಾರ್ಥಿಗಳು ಹೂದೋಟದಲ್ಲಿ ಒಂದು ಸಂಗತಿಯನ್ನು ತಾವೇ ನೋಡಬಹುದು. ಕುಂಡದ ತಳದ ರಂಧ್ರ ಮುಚ್ಚಿಹೋಗಿ ನೀರು ನಿಂತರೆ, ನೀರಿನ ನಡುವೆಯೇ ಗಿಡವು ಬಾಡುತ್ತದೆ. ಆಮ್ಲಜನಕವು ಗಾಳಿಯಲ್ಲಿ ವಿಸರಿಸುವುದಕ್ಕಿಂತ ಸುಮಾರು ಹತ್ತುಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ವಿಸರಿಸುವುದರಿಂದ, ಮುಳುಗಿದ ಬೇರುಗಳು ಉಸಿರುಗಟ್ಟುತ್ತವೆ. ಉಸಿರಿಲ್ಲದ ಬೇರಿಗೆ ಲವಣವನ್ನು ಸೆಳೆಯುವ ಶಕ್ತಿಯೂ ನೀರನ್ನು ಹೀರುವ ಶಕ್ತಿಯೂ ಕುಂದುತ್ತವೆ. ನ್ಯೂಗೇಟಿನ ಕೈದಿಗೂ ಆ ಬೇರಿಗೂ ಬಂದೊದಗಿದ ಕಷ್ಟ ಒಂದೇ ಬಗೆಯದು. ಮುಚ್ಚಿದ ರಂಧ್ರವನ್ನು ಬಿಡಿಸಿ, ನಿಂತ ನೀರನ್ನು ಹರಿಯಗೊಟ್ಟು, ಬುಡದ ಮಣ್ಣನ್ನು ಸಡಿಲಗೊಳಿಸಿದರೆ ಗಿಡವು ಚೇತರಿಸಿಕೊಳ್ಳುತ್ತದೆ. ಆ ಕೆಲಸ ಮಾಡುವ ಪ್ರತಿಯೊಂದು ಕೈಯೂ, ತಿಳಿದೋ ತಿಳಿಯದೆಯೋ, ಟೆಡಿಂಗ್ಟನ್ನಿನ ಆ ವೃದ್ಧ ಧರ್ಮಗುರುವಿನ ಕಾಯಕವನ್ನು ಮುಂದುವರಿಸುತ್ತಿರುತ್ತದೆ.